ಫಾರ್ಮ್ಯಾಟ್ ಒತ್ತಬೇಡಿ

ಹೆಬ್ಬಗೋಡಿ
ಗುರುವಾರ

ರೀ,

ಮೆಮೊರಿ ಕಾರ್ಡ್ ಫಾರ್ಮ್ಯಾಟ್ ಮಾಡಬೇಕೇ ಎಂದು ನಿನ್ನೆ ಫೋನು ಕೇಳಿದಾಗ ನೀವು ಓಕೆ ಒತ್ತಲು ಹೋದಿರಿ, ನಾನು ಕಿತ್ತುಕೊಂಡೆ. ಮಗಳ ಫೋಟೋಗಳೆಲ್ಲ ಅಳಿಸಿಹೋಗುತ್ತವೆ ಎಂದೆ. ಅದು ನಿಜ, ಆದರೆ ಅದೊಂದೇ ಅಲ್ಲ.

ಬೆಳಿಗ್ಗೆ ಬಸ್ ಸ್ಟಾಪಿನ ಹತ್ತಿರದ ಮೊಬೈಲ್ ಅಂಗಡಿಗೆ ಒಯ್ದೆ. "ಅಕ್ಕ, ಇದಕ್ಕೆ ಹೊಸದಾಗಿ ಏನೂ ತುಂಬ್ಬೇಡಿ. ಇರೋದನ್ನ ಮೊದ್ಲು ಕಂಪ್ಯೂಟರ್‌ಗೆ ಎತ್ಕೋತೀನಿ" ಎಂದರು ಅಂಗಡಿಯ ಭಾನುಪ್ರಕಾಶ್. ಅವರು ಮುಗಿಸುವವರೆಗೂ ನನಗೆ ಕೂರಲಾಗಲಿಲ್ಲ; ಬಾಗಿಲಿಗೂ ಮೇಜಿಗೂ ಓಡಾಡುತ್ತಲೇ ಇದ್ದೆ. ಎಲ್ಲವೂ ಸಿಕ್ಕಿತು. ಹೊಸ ಕಾರ್ಡಿಗೆ ಹಾಕಿಸಿ ಫೋನನ್ನು ಅಕ್ಕಿ ಡಬ್ಬದ ಮೇಲೆ ಇಟ್ಟಿದ್ದೇನೆ.

ಕೆಲಸಕ್ಕೆ ಹೋಗಲು ಯಾಕೆ ಹಿಂದೇಟು ಹಾಕುತ್ತೀಯ ಎಂದು ಕೇಳುತ್ತಿದ್ದಿರಲ್ಲ, ಎದುರಿಗೆ ಹೇಳಲು ಬಾಯಿ ಬರಲಿಲ್ಲ. ಫ್ಯಾಕ್ಟರಿಯ ಸ್ಟೋರ್ ರೂಮಿನಲ್ಲಿ ಸೂಪರ್‌ವೈಸರ್ ನನಗೆ ಹೇಳಿದ ಮಾತುಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದ್ದೆ. ಅದನ್ನು ಕೇಳಿ. ಅತ್ತೆ ಮನೆಯಲ್ಲಿ ಇಲ್ಲದಾಗ ಕೇಳಿ.

ಕೇಳಿದ ಮೇಲೆ ಅವನನ್ನು ಹುಡುಕಿಕೊಂಡು ಹೋಗಬೇಡಿ. ನಾಳೆ ಮ್ಯಾನೇಜರ್ ಎದುರು ನಾನೇ ಅದನ್ನು ಹಾಕಿ ಕೇಳಿಸುತ್ತೇನೆ. ನೀವು ನನ್ನ ಪಕ್ಕದಲ್ಲಿ ನಿಂತಿರಿ, ಸಾಕು.

ನಿಮ್ಮ
ಧನಲಕ್ಷ್ಮಿ