ಬುಟ್ಟಿಗೆ ಹಾಕಿದ ಫೋನು

ವನಗೂರು ಹತ್ತಿರದ ಲೈನ್ ಮನೆಯಿಂದ,
೧೭ ನವೆಂಬರ್ ೨೦೨೪, ಭಾನುವಾರ

ಪ್ರೀತಿಯ ಮಗಳು ಸ್ನೇಹಾಳಿಗೆ,

ನಿನ್ನ ಮಾವ ಚೌರಪ್ಪ ಬರೆಯುತ್ತಿರುವುದು. ಹೇಗಿದ್ದೀಯಮ್ಮ? ಹೊತ್ತಿಗೆ ಸರಿಯಾಗಿ ಎರಡು ತುತ್ತಾದರೂ ಉಣ್ಣುತ್ತಿದ್ದೀಯಾ? ಪುಟ್ಟಿಗೆ ಜ್ವರ ಪೂರ್ತಿ ಬಿಟ್ಟಿತೆ? ನಿನ್ನ ತವರು ಆಲೂರಿನಲ್ಲೂ ಈಗ ಬೆಳಗಿನ ಹೊತ್ತು ಥಂಡಿ ಇರುತ್ತದೆ, ಕಿವಿ ಮುಚ್ಚುವ ಟೋಪಿ ಹಾಕದೆ ಅವಳನ್ನು ಹೊರಗೆ ಬಿಡಬೇಡ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದ್ದರೂ ನನಗೆ ಮಾತು ಹೊರಡುತ್ತಿರಲಿಲ್ಲ ಬಿಡು. ಮೂವತ್ತು ವರ್ಷ ಎಸ್ಟೇಟಿನಲ್ಲಿ ರೈಟರ್ ಆಗಿದ್ದವನಿಗೆ ಬಾಯಿಗಿಂತ ಕೈಯೇ ಮೇಲು, ಅದಕ್ಕೇ ಈ ಕಾಗದ.

ನಿನ್ನ ಅತ್ತೆ ಇದ್ದಾಳೆ, ಅಷ್ಟೆ. ಜೀಪಿನ ಸದ್ದಾದರೆ ಇವತ್ತಿಗೂ ಕೈಲಿದ್ದ ಪಾತ್ರೆ ಇಟ್ಟು ಬಾಗಿಲಿಗೆ ಹೋಗಿ ನಿಲ್ಲುತ್ತಾಳೆ. ಮಗ ಪ್ರದೀಪ ಓಡಿಸುತ್ತಿದ್ದ ಎಸ್ಟೇಟಿನ ಜೀಪನ್ನು ಈಗ ಕುಮಾರ್ ಓಡಿಸುತ್ತಾನೆ. ನಮ್ಮ ಮನೆ ಮುಂದೆ ಬಂದಾಗ ಪಾಪ, ಅವನು ಈ ಕಡೆ ತಿರುಗುವುದಿಲ್ಲ. ಅಕ್ಟೋಬರ್ ಜಪಸರದ ತಿಂಗಳಲ್ಲವೆ, ದಿನಕ್ಕೊಂದು ಮನೆಯಂತೆ ಲೈನ್ ಸುತ್ತಬೇಕಿದ್ದ ಮರಿಯ ಮಾತೆಯ ಸ್ವರೂಪ ಪ್ರದೀಪ ಹೋದ ದಿನ ನಮ್ಮ ಮನೆಗೆ ಬಂದದ್ದು ಇಲ್ಲೇ ಉಳಿದುಬಿಟ್ಟಿದೆ. ಮುಂದಿನ ಮನೆಯವರು ಒಯ್ಯಲು ಬರಲಿಲ್ಲ, ನಾನೂ ಕರೆಯಲಿಲ್ಲ. ಹಾರದ ಹೂವು ಒಣಗಿ ಉದುರುತ್ತಿದೆ, ತೆಗೆಯಲು ನಮ್ಮಿಬ್ಬರಿಗೂ ಮನಸ್ಸಿಲ್ಲ.

ಸಕಲೇಶಪುರದಿಂದ ಫಾದರ್ ಬಂದಿದ್ದರು. ಈ ಕಷ್ಟದಲ್ಲೂ ದೇವರಿಗೊಂದು ಉದ್ದೇಶವಿದೆ, ನಂಬಿ ಎಂದರು. ತಲೆಯಾಡಿಸಿದೆ. ಇದೇ ಮಾತನ್ನು ನಾನು ಎಷ್ಟು ಮನೆಗಳಲ್ಲಿ ಹೇಳಿಲ್ಲ! ಪಕ್ಕದ ಮನೆ ಮುನಿಯಮ್ಮನ ಗಂಡ ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಸತ್ತನಲ್ಲ, ಆಗ ಅವಳ ಹಿತ್ತಲಲ್ಲಿ ನಿಂತು, ಕುಲುಮೆಗೆ ಹಾಕದೆ ಚಿನ್ನ ಹೊಳೆಯುತ್ತದೇನಮ್ಮ ಎಂದು ಉಪದೇಶ ಮಾಡಿದ್ದೆ. ಅವಳ ದೇವರು ಬೇರೆ, ಆದರೂ ನಾನು ಬಿಡಬೇಕಲ್ಲ! ಮೊನ್ನೆ ಅವಳೇ ಗಂಜಿ ತಂದಿಟ್ಟು, ‘ಚಿನ್ನ ಗಿನ್ನ ಅಂತ ನಾನೇನೂ ಹೇಳಾಕಿಲ್ಲ ಕಣಣ್ಣ. ಬಿಸಿ ಐತೆ, ಕುಡಿ’ ಅಂದಳು. ಇಷ್ಟು ದಿನದಲ್ಲಿ ನನ್ನ ಗಂಟಲಿಗೆ ಇಳಿದ ಸಮಾಧಾನ ಅದೊಂದೇ.

ನಿನ್ನಣ್ಣ ಸಂಜಯ್ ಸಿಕ್ಕಿದ್ದ. ನೀನು ಅನ್ನ ಬಿಟ್ಟು ಗೋಡೆಗೆ ಮುಖ ಮಾಡಿ, ‘ನಾನೇ ಕೊಂದ್ಬುಟ್ಟೆ’ ಎಂದು ಅಳುತ್ತೀಯಂತೆ. ಆವತ್ತು ಪುಟ್ಟಿಗೆ ಜ್ವರವೆಂದು ನೀನು ಸ್ಟೋರ್ ಪಕ್ಕದ ಕ್ವಾರ್ಟರ್ಸಿನಲ್ಲೇ ಉಳಿದೆ. ಪ್ರದೀಪನನ್ನು ನಮ್ಮ ಮನೆಯ ಜಪಕ್ಕೆ ಕಳಿಸುವಾಗ, ‘ರೋಡಲ್ಲಿ ಸುತ್ತಾಕ್ಕೊಂಡ್ ಬರ್ಬೇಡಿ, ಒಳದಾರೀಲೆ ಬೇಗ ಬಂದ್ಬುಡಿ’ ಎಂದೆಯಂತೆ. ಅವನು ಮರಳುವಾಗ ನೀನು ಹೇಳಿದ ಹಾಗೇ ಒಳದಾರಿ ಹಿಡಿದ, ಕಾಫಿ ಗಿಡಗಳ ನಡುವೆ ಆನೆ ನಿಂತಿತ್ತು. ಮಗುವಿನ ತಾಯಿ ಬೇರೇನು ಹೇಳಬೇಕಿತ್ತಮ್ಮ? ಆ ಮಾತನ್ನು ಮೈಮೇಲೆ ಎಳೆದುಕೊಳ್ಳಬೇಡ.

ಲೈನಿನವರು ಬುಟ್ಟಿಯನ್ನು ದೂರುತ್ತಾರೆ. ಆ ಬುಟ್ಟಿ ನನ್ನದೇ ಕಟ್ಟಳೆ ಎಂದು ನಿನಗೆ ಗೊತ್ತು. ಹೋದ ವರ್ಷ ‘ನಮೋ ಮರಿಯ’ ಹೇಳುತ್ತಿರುವಾಗಲೇ ಯಾರದೋ ಫೋನು ಕುಣಿತದ ಹಾಡು ಹಾಡಿತೆಂದು, ಇನ್ನು ಮೇಲೆ ಜಪಕ್ಕೆ ಬಂದವರು ಫೋನ್ ಆಫ್ ಮಾಡಿ ಹಣ್ಣು ಕೊಯ್ಯುವ ಬುಟ್ಟಿಗೆ ಹಾಕಬೇಕು ಎಂದು ನಾನೇ ನಿಯಮ ಮಾಡಿದೆ. ಆನೆ ಎಲ್ಲಿದೆ ಎಂದು ತಿಳಿಸುವ ಅರಣ್ಯ ಇಲಾಖೆಯ ಸಂದೇಶ ಆವತ್ತು ಆರು ಗಂಟೆಯ ಜಪಕ್ಕೆ ಎರಡು ನಿಮಿಷ ಇರುವಾಗ ಬಂದಿತ್ತು. ಅಷ್ಟರಲ್ಲಿ ಫೋನುಗಳೆಲ್ಲ ಬುಟ್ಟಿ ಸೇರಿದ್ದವು, ಯಾರೂ ನೋಡಲಿಲ್ಲ ಎಂದು ಎಲ್ಲರೂ ನಂಬಿದ್ದಾರೆ.

ಸಮಾಧಿಯ ಹತ್ತಿರ ನಾನು ನಿನ್ನ ಕೈ ಹಿಡಿದು ‘ಎಲ್ಲ ದೇವರ ಚಿತ್ತ’ ಎಂದಾಗ ನೀನು ಕೈ ಕೊಡವಿಕೊಂಡು ಹೋದೆ. ಜನರೆದುರು ಹೀಗೆ ಮಾಡಿದಳಲ್ಲ ಎಂದು ಸಿಟ್ಟೂ ಬಂತು. ಈಗ ಸಿಟ್ಟಿಲ್ಲ. ಜಪಸರ ಈಗಲೂ ಹಿಡಿಯುತ್ತೇನೆ, ನಿಮ್ಮ ಚಿತ್ತ ನೆರವೇರಲಿ ಎನ್ನುವಲ್ಲಿಗೆ ಬಂದಾಗ ನಾಲಿಗೆ ನಿಂತುಬಿಡುತ್ತದೆ. ದೇವರು ಇಲ್ಲ ಎಂದು ನನಗೆ ಅನ್ನಿಸಿಲ್ಲ. ಇದ್ದಾನೆ, ನೋಡುತ್ತಿದ್ದಾನೆ ಎಂದೇ ಭಯ.

ಪುಟ್ಟಿಯ ಹಣೆಯ ಮೇಲೆ ನನ್ನ ಪರವಾಗಿ ಒಂದು ಶಿಲುಬೆ ಗುರುತು ಹಾಕು. ನಿನ್ನ ಅತ್ತೆ ನಿನ್ನನ್ನು ತುಂಬ ನೆನೆಯುತ್ತಾಳೆ. ಮನೆಯ ಹಿರಿಯರಿಗೆ ನಮ್ಮ ನಮಸ್ಕಾರ ತಿಳಿಸು. ಯೇಸು ನಿಮ್ಮಿಬ್ಬರನ್ನೂ ಕೈಬಿಡದಿರಲಿ.

ನಿನ್ನ ಮಾವ,
ಚೌರಪ್ಪ

ಮ.ವಿ.: ಕಾಗದ ಒಯ್ಯಲು ಸುಬ್ಬಯ್ಯ ಬಾಗಿಲಲ್ಲಿ ನಿಂತಿದ್ದಾನೆ, ಆಲೂರು ಬಸ್ಸಿಗೆ ಹೊತ್ತಾಯಿತು ಎನ್ನುತ್ತಿದ್ದಾನೆ. ಇದನ್ನು ಮೇಲೆಯೇ ಬರೆಯಬೇಕಿತ್ತು, ಧೈರ್ಯ ಬರಲಿಲ್ಲ. ಬುಟ್ಟಿಗೆ ಕೊನೆಯದಾಗಿ ಬಿದ್ದದ್ದು ನನ್ನ ಫೋನು. ಹಾಕುವ ಮೊದಲು ನಾನು ಆ ಸಂದೇಶ ಓದಿದ್ದೆ. ಸ್ಟೋರಿನ ಒಳದಾರಿಯಲ್ಲಿ ಒಂಟಿ ಸಲಗ ಎಂದಿತ್ತು. ಈಗಲೇ ಹೇಳಿದರೆ ಅರ್ಧ ಜನ ಎದ್ದು ಹೋಗುತ್ತಾರೆ, ಮಾತೆ ಮನೆಗೆ ಬಂದ ದಿನವೇ ಜಪ ಕೆಡುತ್ತದೆ, ಮುಗಿದ ಮೇಲೆ ಹೇಳೋಣ, ಅಲ್ಲಿಯವರೆಗೆ ದೇವರು ಕಾಯುತ್ತಾನೆ ಎಂದುಕೊಂಡೆ. ಅದನ್ನೇ ನಂಬಿಕೆ ಎಂದು ತಿಳಿದಿದ್ದೆ. ನಿನ್ನ ಮಾತಿನಿಂದ ಅವನು ಸತ್ತದ್ದಲ್ಲ ಸ್ನೇಹಾ, ನನ್ನ ಮೌನದಿಂದ. ಸುಬ್ಬಯ್ಯ ಹೊರಟ ಕೂಡಲೇ ನಿನ್ನ ಅತ್ತೆಗೆ ಹೇಳುತ್ತೇನೆ, ಸಂಜೆ ಲೈನಿನವರಿಗೂ. ಇನ್ನೊಂದನ್ನು ಅವರ್‍ಯಾರಿಗೂ ಹೇಳಲಾರೆನೇನೋ, ನಿನಗೆ ಹೇಳುತ್ತೇನೆ. ಜಪ ಮುಗಿಯುವ ಮುಂಚೆ ಬಾಗಿಲ ಚಿಲಕ ತೆಗೆದ ಸದ್ದು ಕೇಳಿಸಿತು. ಹೊರಟದ್ದು ಪ್ರದೀಪ ಎಂದು ನನಗೆ ಗೊತ್ತಾಯಿತು. ಇನ್ನು ಹತ್ತೇ ಮಣಿ ಉಳಿದಿತ್ತು. ನಾನು ನಿಲ್ಲಿಸಲಿಲ್ಲ.