ಅಕ್ಕನ ಕಾಫಿಪುಡಿ, ತಮ್ಮನ ಹೊಟ್ಟೆ

ಮಂಗಳೂರು, ೧೨-೮-೧೯೮೭

ಬಾಳೂರಿನ ಸಿದ್ದಮ್ಮಕ್ಕನಿಗೆ, ಆಸ್ಪತ್ರೆಯಲ್ಲಿ ಮಲಗಿರುವ ತಮ್ಮ ಗುರುವಯ್ಯನ ನಮಸ್ಕಾರ.

ನನ್ನ ಹೊಟ್ಟೆಗೆ ಹಾಕಿದ ಕೊಳವೆಯ ಬುಡ ಕೆಂಪಾಗಿದೆ ಎಂದು ನೀನು ಕಾಫಿಪುಡಿ ಹಚ್ಚಿದ್ದು, ಮಾರನೆಯ ದಿನ ನನಗೆ ಜ್ವರ ಬಂದದ್ದು, ಅಂದಿನಿಂದ ನೀನು ಈ ಕಡೆ ತಲೆ ಹಾಕದಿರುವುದು ವಾರ್ಡಿನ ಇತಿಹಾಸಕ್ಕೆ ಸೇರಿವೆ. ತೋಟದಲ್ಲಿ ಕತ್ತಿ ತಾಗಿದರೆ ನಾವೆಲ್ಲ ಹಚ್ಚುವುದು ಅದನ್ನೇ ಅಲ್ಲವೇ?

ಕೆಟ್ಟ ಕಿಡ್ನಿಯ ಬದಲು ರಕ್ತ ಸೋಸುತ್ತಿದ್ದ ಹೊಟ್ಟೆಯೊಳಗಿನ ಪೊರೆ ಈಗ ಗಾಯದ ಕಲೆಯಂತೆ ದಪ್ಪಗಟ್ಟಿದೆ, ಸೋಸುವುದನ್ನು ನಿಲ್ಲಿಸಿದೆ.

"ನಮ್ಮಕ್ಕನ ಪುಡಿಯಿಂದ ಹೀಗಾಯ್ತಾ ಡಾಕ್ಟ್ರೇ?" ಎಂದು ಕೇಳಿದೆ.

"ಒಂದು ಚಿಟಿಕೆ ಪುಡಿಗೆ ಅಷ್ಟು ತಾಕತ್ತಿಲ್ಲ ಮಾರಾಯ್ರೆ" ಎಂದರು.

ಕಿಡ್ನಿಯ ಕೆಲಸ ಮಾಡಿಸಲು ಹೊಟ್ಟೆಗೆ ಕೊಳವೆಯಿಂದ ತುಂಬುತ್ತಿದ್ದದ್ದು ಸಕ್ಕರೆ ನೀರೇ ಅಂತೆ. ಆ ಸಕ್ಕರೆಯೇ ಪೊರೆಯನ್ನು ದಿನಾ ಕೆಣಕುತ್ತದಂತೆ. ಜೀವಮಾನವಿಡೀ ಸಕ್ಕರೆಯಿಲ್ಲದ ಕಾಫಿ ಕುಡಿದವನಿಗೆ ಇದೆಂಥ ನ್ಯಾಯ? ಸಾಲದ್ದಕ್ಕೆ ನೀನು ಬರುವ ಮೊದಲೇ ಎರಡು ಸಲ ಒಳಗೆ ಸೋಂಕಾಗಿತ್ತು. ಪ್ರತಿ ಸಲವೂ ಮೈ ರಿಪೇರಿಗೆಂದು ನಾರು ಹೆಣೆಯುತ್ತದೆ, ನಿಲ್ಲಿಸಲು ಮರೆಯುತ್ತದೆ. ನಮ್ಮ ಮೇಸ್ತ್ರಿ ತಮ್ಮಯ್ಯ ಬೇಲಿ ಕಟ್ಟಿದ ಹಾಗೆ. ಕಟ್ಟಿ ಮುಗಿದ ಮೇಲೆ ನೋಡಿದರೆ ಒಳಗೆ ಹೋಗಲು ದಾರಿಯೇ ಇಲ್ಲ.

ಸೋಮವಾರದಿಂದ ರಕ್ತವನ್ನೇ ಮೆಷಿನ್ನಿಗೆ ಹರಿಸಿ ತೊಳೆಯುತ್ತಾರಂತೆ. ಜೊತೆಗೆ ಮನೆಯವರು ಒಬ್ಬರಿರಬೇಕು. ನನಗಿರುವುದು ನೀನೊಬ್ಬಳೇ. ಭಾನುವಾರದ ಬಸ್ಸಿಗೆ ಹೊರಡು.

ಬರುವಾಗ ಕಾಫಿಪುಡಿ ತಾ. ನರ್ಸಮ್ಮ ಬಾಗಿಲಲ್ಲೇ ಚೀಲ ನೋಡುತ್ತಾರೆ. ಕುಡಿಯಲಿಕ್ಕೆ ಎಂದು ಮೊದಲೇ ಹೇಳಿಬಿಡು. ನನಗೆ ದಿನಕ್ಕೆ ಅರ್ಧ ಲೋಟಕ್ಕೆ ಮಾತ್ರ ಅಪ್ಪಣೆಯಿದೆ. ಉಳಿದರ್ಧ ನೀನು ನನ್ನೆದುರು ಕೂತು ಕುಡಿ.

ನಿನ್ನ ದಾರಿ ನೋಡುವ ತಮ್ಮ,
ಗುರುವಯ್ಯ