ಪಕ್ಕದ ಸೀಟಿನಲ್ಲಿ ಕೂರುವವರು

ಗುರುವಾರ, ಸಂಜೆ

ಕನ್ನಡಕದ ಅಂಗಡಿಯವರಿಗೆ, ಅವರ ಟೀಚರಮ್ಮನ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ನೀವೂ ಚೆನ್ನಾಗಿದ್ದೀರೆಂದು ನಿಮ್ಮ ಕಾಗದ ನೋಡಿದರೇ ಗೊತ್ತಾಗುತ್ತದೆ. ಚೆನ್ನಾಗಿಲ್ಲದವರು ಹೊಸ ಕಾರಿನ ಮಾತೆತ್ತುವುದಿಲ್ಲ. ನೀವು ನಿಮ್ಮ ಅಣ್ಣನ ಮನೆಯ ಮಹಡಿ ಕೋಣೆ ಸೇರಿ ಎಂಟು ತಿಂಗಳಾಯಿತು. ಫೋನಿನಲ್ಲಿ ಮಾತಾಡಿದರೆ ಜಗಳವಾಗುತ್ತದೆ, ಹೇಳುವುದಿದ್ದರೆ ಬರೆದೇ ಹೇಳೋಣ ಎಂದವರು ನೀವೇ. ಆಮೇಲೆ ಬಂದದ್ದು ಮೂರೇ ಮೂರು ಕಾಗದ. ಮೊದಲನೆಯದರಲ್ಲಿ ಸ್ವೆಟರ್ ಕಳಿಸು ಎಂದಿರಿ. ಎರಡನೆಯದರಲ್ಲಿ ಸ್ವೆಟರ್ ತಲುಪಿತು ಎಂದಿರಿ. ಮೂರನೆಯದು ಇದು. ಎರಡು ಪುಟ್ಟ ಎಸ್‌ಯುವಿ ನೋಡಿದ್ದೀರಂತೆ, ಒಂದು ಕೆಂಪು, ಒಂದು ಬೂದು. ಎರಡೂ ಬೀದಿಗೆ ಹತ್ತರಂತೆ ಓಡಾಡುವಂಥವು, ಯಾವುದನ್ನು ಕೊಳ್ಳುವುದೆಂದು ತೋಚುತ್ತಿಲ್ಲವಂತೆ. ನಿನಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ, ನೀನೇ ಓಡಿಸಿ ನೋಡಿ ಹೇಳು ಎಂದಿದ್ದೀರಿ. ಅಷ್ಟಕ್ಕೆ ಪೆನ್ನು ಕೆಳಗಿಟ್ಟಿದ್ದರೆ ನಾನು ಉಬ್ಬಿಹೋಗುತ್ತಿದ್ದೆ. ಕೊನೆಗೊಂದು ಸಾಲು ಸೇರಿಸಿದಿರಲ್ಲ, ಪಕ್ಕದಲ್ಲಿ ಕೂರುವವರಿಗೆ ಆರಾಮವಾಗಿರಬೇಕು ಎಂದು, ಅದನ್ನು ಓದಿದಾಗಿನಿಂದ ನನ್ನ ಹೊಟ್ಟೆಗೆ ಬೆಂಕಿ ಬಿದ್ದಿದೆ. ಕೂರುವವರು ಯಾರೆಂದು ಬರೆದಿಲ್ಲ. ಹದಿನಾಲ್ಕು ವರ್ಷ ಅಲ್ಲಿ ಕೂತವಳು ನಾನು.

ಇರಲಿ. ಕೇಳಿದ್ದಕ್ಕೆ ಉತ್ತರ ಕೊಡುವುದು ನನ್ನ ಕಸುಬು. ನಿನ್ನೆ ಕಲಿಯುವವರಿಗೆಲ್ಲ ಕ್ಲಾಸು ಮುಂದಕ್ಕೆ ಹಾಕಿ ಎರಡೂ ಶೋರೂಮಿಗೆ ಹೋಗಿ ಬಂದೆ.

ಕೆಂಪಿನದು ಮೊದಲು. ನೋಡಲು ಲಕ್ಷಣವಾಗಿದೆ, ಅದನ್ನು ಒಪ್ಪಿಕೊಳ್ಳಲೇಬೇಕು. ಎತ್ತರದ ಮೂತಿ, ಛಾವಣಿಯಲ್ಲಿ ಗಾಜಿನ ಕಿಂಡಿ, ಮುಂದೆ ಟೀವಿಯಷ್ಟು ದೊಡ್ಡ ಪರದೆ. ಎಂಜಿನ್ ಗಟ್ಟಿಮುಟ್ಟು, ದಿಬ್ಬವನ್ನು ಮೂರನೇ ಗೇರಿನಲ್ಲೇ ಗೊಣಗದೆ ಹತ್ತುತ್ತದೆ. ಆದರೆ ಹಿಂದಿನ ಗಾಜು ಅಂಚೆಪೆಟ್ಟಿಗೆಯ ಬಾಯಿಯಷ್ಟಿದೆ. ರಿವರ್ಸ್ ತೆಗೆಯುವಾಗ ಕ್ಯಾಮೆರಾವನ್ನೇ ನಂಬಬೇಕು, ಅದರ ಮೇಲೆ ಕೆಸರು ಹಾರಿದರೆ ದೇವರೇ ಗತಿ. ಇನ್ನು ಪಕ್ಕದ ಸೀಟು. ಡ್ಯಾಶ್‌ಬೋರ್ಡು ಮುಂದಕ್ಕೆ ಚಾಚಿಕೊಂಡಿದೆ, ರಸ್ತೆಯ ಪ್ರತಿ ಉಬ್ಬಿಗೂ ಮಂಡಿಗೆ ತಗಲುತ್ತದೆ. ಒಂದು ಗಂಟೆ ಕೂತರೆ ಇಳಿಯುವಾಗ ಅಮ್ಮಾ ಎನ್ನಬೇಕು.

ನಿಜ ಹೇಳಲೇ? ನಿನ್ನೆ ಮಧ್ಯಾಹ್ನ ಮನೆಗೆ ಬಂದವಳೇ ನಿಮಗೊಂದು ಕಾಗದ ಬರೆದೆ, ಕೆಂಪನ್ನೇ ಕೊಳ್ಳಿ, ಕಣ್ಣು ಮುಚ್ಚಿ ಕೊಳ್ಳಿ ಎಂದು. ಎರಡು ಪುಟ ಹೊಗಳಿದ್ದೆ. ಮಂಡಿಯ ವಿಷಯ ಮಾತ್ರ ಬಿಟ್ಟಿದ್ದೆ. ಆ ಪುಣ್ಯಾತ್ಗಿತ್ತಿಯ ಮಂಡಿಗೆ ದಿನಾ ಬಡಿಯಲಿ, ನಿಮ್ಮ ಜೊತೆ ಹೋದಲ್ಲೆಲ್ಲ ಕುಂಟಿಕೊಂಡು ಇಳಿಯಲಿ ಎಂದು ನನ್ನ ಆಸೆ. ಬೆಳಿಗ್ಗೆ ಓದಿದರೆ ನನಗೇ ನಾಚಿಕೆಯಾಯಿತು. ಹರಿದು ಹಾಕಿ ಇದನ್ನು ಬರೆಯುತ್ತಿದ್ದೇನೆ.

ಬೂದಿನದು ಕಣ್ಣಿಗೆ ಸಾದಾ. ಪರದೆ ಚಿಕ್ಕದು, ಕಿಂಡಿಗಿಂಡಿ ಏನಿಲ್ಲ, ದಿಬ್ಬದಲ್ಲಿ ಎರಡನೇ ಗೇರಿಗೆ ಇಳಿಸದಿದ್ದರೆ ಏದುಸಿರು ಬಿಡುತ್ತದೆ. ಆದರೆ ಕ್ಲಚ್ ಬೆಣ್ಣೆ. ಹಿಂದಿನ ಗಾಜು ಅಗಲವಾಗಿದೆ, ಬಾನೆಟ್ಟಿನ ಎರಡು ಮೂಲೆಯೂ ಕೂತಲ್ಲಿಂದಲೇ ಕಾಣುತ್ತದೆ. ಲೀಟರಿಗೆ ಎರಡು ಕಿಲೋಮೀಟರ್ ಹೆಚ್ಚೇ ಕೊಡುತ್ತದಂತೆ. ಪಕ್ಕದ ಸೀಟನ್ನು ಎತ್ತರಿಸಬಹುದು, ಕಾಲು ಚಾಚಬಹುದು. ನಾನು ಮೊದಲು ಕೂತದ್ದೂ ಅಲ್ಲೇ. ಕಾರು ನೋಡಲು ಬಂದವರೆಲ್ಲ ಸ್ಟಿಯರಿಂಗ್ ಹಿಡಿಯಲು ಓಡುತ್ತಾರೆ, ನಾನು ಅಭ್ಯಾಸಬಲದಿಂದ ಪಕ್ಕದ ಬಾಗಿಲು ತೆಗೆದೆ. ಸೇಲ್ಸಿನವರೇ ಓಡಿಸಬೇಕಾಯಿತು. ನಡುವಯಸ್ಸಿನ ಮನುಷ್ಯ, ಮಾತುಗಾರ. ಮೊದಲ ತಿರುವಿನಲ್ಲೇ ನಕ್ಕುಬಿಟ್ಟರು.

"ಮೇಡಂ, ಅಲ್ಲಿ ಬ್ರೇಕ್ ಇಲ್ಲ. ಸುಮ್ನೆ ಯಾಕೆ ಕಾಲು ಒತ್ತೀರಿ?" ಎಂದರು. ಹದಿನೆಂಟು ವರ್ಷ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರಿಗೆಂದೇ ಇರುವ ಎರಡನೇ ಬ್ರೇಕಿನ ಮೇಲೆ ಕಾಲಿಟ್ಟು ಕೂತವಳಿಗೆ ಪಾದ ಸುಮ್ಮನಿರುತ್ತದೆಯೇ? ಹಾಗೆಂದು ಹೇಳಿದೆ. ಅದಕ್ಕೆ ಅವರು, "ಓ, ಅದಕ್ಕೇನಾ! ಹೋದ ವಾರ ಒಬ್ರು ಸಾರ್ ಜೊತೆ ಒಬ್ರು ಮೇಡಂ ಬಂದಿದ್ರು, ಅವರೂ ಹೀಗೇ ಮ್ಯಾಟ್ ಒತ್ತುತಾ ಇದ್ರು. ಸಾರ್ ಕನ್ನಡಕದ ಅಂಗಡಿಯವರು. ಹೆಂಗೆ ನಿಲ್ಸಿದ್ರು ಅಂತೀರಿ ಗಾಡೀನ! ಎರಡು ಕಾರಿನ ಮಧ್ಯೆ, ರಿವರ್ಸಲ್ಲಿ, ಒಂದೇ ಏಟಿಗೆ. ಆ ಮೇಡಂ ಒಂದು ಮಾತೂ ಆಡ್ಲಿಲ್ಲ," ಎಂದರು.

ಆ ಹೆಂಗಸು ತನ್ನ ಕಾರ್ಡನ್ನೂ ಕೊಟ್ಟು ಹೋಗಿದ್ದಳು, ಹೊಸದಾಗಿ ಕಾರು ಕೊಂಡವರನ್ನು ಕಳಿಸಿಕೊಡಿ ಎಂದು. ನಾನೂ ಎಲ್ಲ ಶೋರೂಮಿನಲ್ಲೂ ಅದನ್ನೇ ಮಾಡುತ್ತೇನೆ. ಕಾರ್ಡು ನೋಡಿದೆ. ಪೇಟೆಯ ಆ ತುದಿಯಲ್ಲಿ ಹೊಸದಾಗಿ ತೆರೆದ ಡ್ರೈವಿಂಗ್ ಸ್ಕೂಲು.

ನೀವು ಇನ್ನೊಬ್ಬಳನ್ನು ಕಟ್ಟಿಕೊಂಡು ಸಿನಿಮಾಕ್ಕೆ ಹೋಗಿದ್ದರೆ ಅತ್ತು ಸುಮ್ಮನಾಗುತ್ತಿದ್ದೆನೋ ಏನೋ. ಇನ್ನೊಬ್ಬಳ ಹತ್ತಿರ ಡ್ರೈವಿಂಗ್ ಕಲಿಯಲು ಹೋದಿರಲ್ಲ! ಹಿತ್ತಲ ಗಿಡ ಮದ್ದಲ್ಲ ಎಂಬುದಕ್ಕೂ ಒಂದು ಮಿತಿ ಬೇಡವೇ? ಎರಡು ಸಲ ಟೆಸ್ಟಿನಲ್ಲಿ ಫೇಲಾಗಿ ಮುಖ ಸಪ್ಪೆ ಮಾಡಿಕೊಂಡು ಬಂದಾಗ ನಿಮಗೆ ಲೈಸೆನ್ಸ್ ಕೊಡಿಸಿದವಳು ಯಾರು? ಪಾಠ ಮುಗಿದ ಮೇಲೂ ಇನ್ನೊಂದು ಕ್ಲಾಸ್ ಬೇಕು, ಇನ್ನೊಂದು ಕ್ಲಾಸ್ ಬೇಕು ಎಂದು ಬಂದು, ಕೊನೆಗೆ ಮದುವೆಯನ್ನೇ ಮಾಡಿಕೊಂಡವರು ಯಾರು? ಊರಿಗೆಲ್ಲ ದೃಷ್ಟಿ ಅಳೆದು ಕೊಡುವವರು, ಕನ್ನಡಿಯಲ್ಲಿ ಏನಿದೆಯೆಂದು ಮಾತ್ರ ನನ್ನನ್ನೇ ಕೇಳುತ್ತಿದ್ದಿರಿ. ಹಿಂದೆ ಖಾಲಿ ಇದೆ ಬನ್ನಿ, ಬಲಕ್ಕೆ ತಿರುಗಿಸಿ, ಸಾಕು ಸಾಕು, ಇದನ್ನು ನಾನು ಹೇಳದೆ ನೀವು ನಮ್ಮ ದಿಬ್ಬದ ಮನೆಯ ಹಸಿರು ಗೇಟಿನಿಂದ ಒಂದು ಸಲವೂ ಕಾರು ಹೊರಗೆ ತಂದವರಲ್ಲ. ಈಗ ನೋಡಿದರೆ ಒಂದೇ ಏಟಿಗೆ ನಿಲ್ಲಿಸುತ್ತೀರಂತೆ. ಅವಳು ಬಾಯಿಯನ್ನೇ ತೆರೆಯಲಿಲ್ಲವಂತೆ.

ಹೊಟ್ಟೆ ಉರಿಯುವುದು ಅದಕ್ಕೇ. ನಿಮಗೆ ಬರುವುದಿಲ್ಲ ಎಂದು ನಾನು ತಿಳಿದಿದ್ದೆ. ಬರುತ್ತಿತ್ತು, ನಾನು ಪಕ್ಕದಲ್ಲಿದ್ದಾಗ ಬರುತ್ತಿರಲಿಲ್ಲ.

ಆಸ್ಪತ್ರೆಯ ಪಾರ್ಕಿಂಗಿನ ವಿಷಯ ನಾವು ಈವರೆಗೂ ಬರೆದಿಲ್ಲ. ಹಿಂದಿನ ಸೀಟಿನಲ್ಲಿ ನಿಮ್ಮ ಅಂಗಡಿಯ ಇಬ್ಬರು ಕೂತಿದ್ದರು. ನೀವು ರಿವರ್ಸ್ ತೆಗೆಯುತ್ತಿದ್ದಿರಿ, ಕಂಬಕ್ಕೆ ಇನ್ನೂ ಒಂದೂವರೆ ಅಡಿ ಇತ್ತು. ಹೌದು, ಒಂದೂವರೆ ಅಡಿ. ಅರ್ಧ ಗೇಣು ಎಂದು ಆಮೇಲೆ ಫೋನಿನ ಜಗಳದಲ್ಲಿ ಹೇಳಿದ್ದು ಸುಳ್ಳು. ನಾನು ಹ್ಯಾಂಡ್‌ಬ್ರೇಕ್ ಎಳೆದು, "ಇಳೀರಿ, ನಿಮ್ಮ ಕೈಲಿ ಆಗಲ್ಲ, ನಾನೇ ನಿಲ್ಲಿಸ್ತೀನಿ" ಎಂದೆ. ನೀವು ಇಳಿದಿರಿ. ಕೀ ನನ್ನ ಕೈಗಿತ್ತು ಬಸ್ಸು ಹತ್ತಿದಿರಿ. ಬಸ್ಸು ನಮ್ಮ ಮನೆ ಕಡೆಗೆ ಹೋಗುವುದಾಗಿರಲಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂದು ನಮ್ಮಿಬ್ಬರನ್ನು ನೋಡಿ ನಿಮ್ಮ ಅತ್ತಿಗೆ ನಗುತ್ತಿದ್ದರು, ನೆನಪಿದೆಯೇ? ಅವತ್ತಿನವರೆಗೆ ನನಗೂ ನಗು ಬರುತ್ತಿತ್ತು.

ಅವಳನ್ನು ನಾನು ನೋಡಿಲ್ಲ, ನೋಡುವ ಆಸೆಯೂ ಇಲ್ಲ. ಕೇಳಬೇಕಾದದ್ದು ಒಂದೇ, ನೀವು ಮನೆಗೆ ಬರುತ್ತೀರೋ ಇಲ್ಲವೋ ಎಂದು. ಅದನ್ನು ಕೇಳುವ ಧೈರ್ಯ ನನಗಿಲ್ಲ. ಆದ್ದರಿಂದ ಕಾರಿನದ್ದನ್ನೇ ಹೇಳಿ ಮುಗಿಸುತ್ತೇನೆ. ಬೂದನ್ನು ಕೊಳ್ಳಿ. ಹಿಂದೆ ನೋಡಲು ನಿಮಗೆ ಯಾರೂ ಬೇಕಾಗುವುದಿಲ್ಲ. ಪಕ್ಕದಲ್ಲಿ ಯಾರೇ ಕೂತರೂ ಅವರಿಗೆ ಆರಾಮವಾಗಿರುತ್ತದೆ. ಇಷ್ಟನ್ನು ಬರೆಯಲು ನನಗೆ ಎಷ್ಟು ಕಷ್ಟವಾಯಿತೆಂದು ನಿಮಗೆ ಗೊತ್ತಾಗಲಿ.

ಇಂತಿ,
ಇನ್ನೂ ನಿಮ್ಮವಳೆಂದೇ ಬರೆಯುತ್ತಿರುವ
ಟೀಚರಮ್ಮ

ವಿ.ಸೂ.: ಇವತ್ತು ಶನಿವಾರ. ಅಂಟಿಸಿದ್ದ ಲಕೋಟೆ ಒಡೆದು ಇದನ್ನು ಸೇರಿಸುತ್ತಿದ್ದೇನೆ. ನೋಡುವ ಆಸೆಯಿಲ್ಲ ಎಂದು ಬರೆದ ಮಾರನೇ ದಿನವೇ ಅವಳನ್ನು ನೋಡಲು ಹೋದೆ. ಗಾಡಿ ಮುಟ್ಟಿಯೇ ಗೊತ್ತಿಲ್ಲದವಳಂತೆ ಒಂದು ಕ್ಲಾಸಿಗೆ ಸೇರಿಕೊಂಡೆ. ಐವತ್ತು ದಾಟಿದ ಹೆಂಗಸು, ನನಗಿಂತ ದಪ್ಪ, ಸ್ವಲ್ಪ ಸಮಾಧಾನವಾಯಿತು. ಬೈಯುತ್ತಾಳೋ ನೋಡೋಣವೆಂದು ಬೇಕೆಂದೇ ಎರಡು ಸಲ ಎಂಜಿನ್ ಆಫ್ ಮಾಡಿದೆ. ಬೈಯಲಿಲ್ಲ. ಕೈ ಮಡಿಲಲ್ಲಿಟ್ಟುಕೊಂಡು, ನಾನೇ ಮತ್ತೆ ಸ್ಟಾರ್ಟ್ ಮಾಡುವವರೆಗೆ ಕಾದಳು. ನನಗೆ ಅಷ್ಟು ಹೊತ್ತು ಕಾಯಲು ಈ ಜನ್ಮದಲ್ಲಿ ಆಗಿಲ್ಲ.

ನಿಮ್ಮ ಹತ್ತಿರ ಗಂಡಸರೂ ಕಲಿಯುತ್ತಾರಾ ಎಂದು ಕೆದಕಿದೆ. ನಾನು ಯಾರೆಂದು ತಿಳಿಯದೆ ಹೇಳಿಬಿಟ್ಟಳು. "ಒಬ್ರು ಬರ್ತಾರೆ ಕಣ್ರೀ, ಲೈಸೆನ್ಸ್ ಇದೆ, ಧೈರ್ಯ ಇರಲಿಲ್ಲ ಅಷ್ಟೇ. ಅವರಿಗೆ ಬೇರೆ ರೋಡೇ ಬೇಡ. ನೀರಿನ ಟ್ಯಾಂಕ್ ಹಿಂದೆ ಒಂದು ದಿಬ್ಬದ ಬೀದಿ ಇದೆ, ಬುಧವಾರ ಬುಧವಾರ ಬೆಳಿಗ್ಗೆ ಅಲ್ಲಿಗೇ. ಒಂದು ಹಸಿರು ಗೇಟಿನ ಮುಂದೆ ರಿವರ್ಸ್ ಹಾಕಿ ನಿಲ್ಲಿಸ್ತಾರೆ, ಆಫ್ ಮಾಡಿ ಎರಡು ನಿಮಿಷ ಕೂರ್ತಾರೆ, ವಾಪಸ್ ಬರ್ತಾರೆ. ಯಾರ ಮನೆ ಸಾರ್ ಅಂದ್ರೆ, ಪಾರ್ಕಿಂಗ್ ಕಷ್ಟ ಇರೋ ಮನೆ ಅಂತಾರೆ," ಎಂದಳು.

ಬೆಳಗಿನ ಹೊತ್ತು ನಾನು ಕ್ಲಾಸಿಗೆ ಹೋಗಿರುತ್ತೇನೆಂದು ನಿಮಗೆ ಚೆನ್ನಾಗಿ ಗೊತ್ತು. ಬರುವ ಬುಧವಾರ ಹೋಗುವುದಿಲ್ಲ, ಎಲ್ಲರಿಗೂ ರಜೆ ಹೇಳಿದ್ದೇನೆ. ಹೊರಗೆ ಬಂದು ಕೈ ಬೀಸುವುದಿಲ್ಲ, ಕಿಟಕಿಯಿಂದ ಕೂಗುವುದಿಲ್ಲ, ನೀವು ಎಷ್ಟು ಹೊತ್ತು ತಗೊಂಡರೂ ಒಳಗೇ ಕೂತಿರುತ್ತೇನೆ. ಅವಳನ್ನು ಮಾತ್ರ ಟ್ಯಾಂಕಿನ ಹತ್ತಿರವೇ ಇಳಿಸಿ ಬನ್ನಿ.